ಹತ್ರ ಹತ್ರ 40 ವರ್ಷ ಆಯ್ತು, ಕಂಪೈಲರ್ ಕೆಲ್ಸ ಇನ್ನೂ ಮುಗಿದಿಲ್ವಾ?

ಅರೆಬರೆ_ಕೋಡರ್

ಎಲ್ರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಪೆದ್ದುಪೆದ್ದಾಗಿ ಕಾಣ್ಸಬಹುದು, ಬೈಕೊಬೇಡಿ.

ನಾನು ಸಿ, ಸಿ ಪ್ಲಸ್ ಪ್ಲಸ್‌ನಲ್ಲಿ ಕೆಲ್ಸ ಮಾಡೋಕೆ ಶುರು ಮಾಡಿ 5 ವರ್ಷ ಆಯ್ತು. ಕಂಪೈಲರ್ ಅಂದ್ರೆ ನಂಗೆ ಇಷ್ಟು ದಿನ ನಲ್ಲಿ ತಿರುಗಿಸಿದ್ರೆ ನೀರು ಬರೋ ಥರ, ಪೈಪು ಎಲ್ಲಿಂದ ಬರುತ್ತೆ ಯಾರು ರಿಪೇರಿ ಮಾಡ್ತಾರೆ ಅಂತ ಒಂದಿನಾನೂ ಯೋಚ್ನೆ ಮಾಡಿದೋನಲ್ಲ. ಹೋದ ವಾರ ನಮ್ಮ ಪ್ರಾಜೆಕ್ಟ್‌ನ ಕಂಪೈಲರನ್ನ ಒಂದೇ ಸಲಕ್ಕೆ ಎರಡು ಮೇಜರ್ ವರ್ಷನ್ ಮೇಲಕ್ಕೆ ಹಾರಿಸಿದ್ವಿ. ಯಾವ ಕಂಪೈಲರ್ ಅಂತ ಹೇಳಲ್ಲ, ಹೇಳಿದ್ರೆ ಥ್ರೆಡ್ ಪೂರ್ತಿ ಜಗಳದಲ್ಲೇ ಮುಗಿಯುತ್ತೆ. ಬಿಲ್ಡ್ ಏನೋ ಆಯ್ತು, ಒಂದು ವಾರ್ನಿಂಗೂ ಇಲ್ಲ, ಆದ್ರೆ ಪ್ಯಾಕೆಟ್ ಓದೋ ಒಂದು ಫಂಕ್ಷನ್ ಇದೆ, ಅದ್ರಲ್ಲಿ ಉದ್ದ ಸರಿಯಿದ್ಯಾ ಅಂತ ನೋಡೋ ಚೆಕ್ಕೇ ಮಾಯ. ಓ0 ನಲ್ಲಿ, ಅಂದ್ರೆ ಕಂಪೈಲರ್ ಕೋಡನ್ನ ಚುರುಕು ಮಾಡೋಕೆ ಹೋಗದಿದ್ರೆ, ಸರಿಯಾಗಿ ಓಡುತ್ತೆ, ಚುರುಕು ಮಾಡು ಅಂತ ಓ2 ಹಾಕಿದ್ರೆ ಕೆಟ್ಟ ಪ್ಯಾಕೆಟ್‌ನೂ ಒಳಗೆ ಬಿಟ್ಕೊಳುತ್ತೆ. ಹಳೇ ವರ್ಷನ್‌ನಲ್ಲಿ ಓ2 ನಲ್ಲೂ ಏನೂ ತೊಂದ್ರೆ ಇರ್ಲಿಲ್ಲ.

ಸರಿ ಇದು ಕಂಪೈಲರ್‌ದೇ ಬಗ್, ಅಂದ್ರೆ ಅದ್ರದ್ದೇ ತಪ್ಪು, ಅಂತ ತೀರ್ಮಾನ ಮಾಡಿ ಅವರು ಬಗ್‌ಗಳ ಲೆಕ್ಕ ಇಡೋ ಬಗ್ ಟ್ರ್ಯಾಕರ್‌ಗೆ ಹೋದ್ರೆ, ಅಯ್ಯೋ ದೇವ್ರೆ, ತೆರೆದಿರೋ ಬಗ್‌ಗಳೇ ಸಾವಿರಗಟ್ಲೆ. ಕಮಿಟ್ ಲಾಗ್, ಅಂದ್ರೆ ಕೋಡ್‌ಗೆ ಮಾಡಿದ ಬದಲಾವಣೆಗಳ ಪಟ್ಟಿ, ನೋಡಿದ್ರೆ ಒಂದೇ ದಿನಕ್ಕೆ ಸ್ಕ್ರೋಲ್ ಮಾಡಿ ಬೆರಳು ನೋವು ಬರೋ ಅಷ್ಟು. ಹೆಸರಾಂತ ಕಂಪೈಲರ್‌ಗಳಲ್ಲಿ ಜಿಸಿಸಿ ಮೊದಲ ಸಲ ಹೊರಗೆ ಬಂದಿದ್ದು 1987ರಲ್ಲಿ, ಎಲ್‌ಎಲ್‌ವಿಎಮ್ ಮೊದಲ ರಿಲೀಸ್ 2003. ಟೆಕ್ಸ್ಟ್ ತಗೊಂಡು ಮಷೀನ್ ಕೋಡ್ ಕೊಡೋ ಪ್ರೋಗ್ರಾಮ್ ತಾನೆ, ಇಷ್ಟು ವರ್ಷದಲ್ಲಿ ಒಂದ್ಸಲ ನೆಟ್ಟಗೆ ಮಾಡಿ ಮುಗ್ಸೋಕೆ ಆಗ್ಲಿಲ್ವಾ? ದಿನಾ ಏನು ಮಾಡ್ತಾ ಇರ್ತಾರೆ ಇವ್ರೆಲ್ಲ? ವ್ಯಂಗ್ಯ ಅಲ್ಲ, ನಿಜವಾಗ್ಲೂ ತಿಳ್ಕೋಬೇಕು ಅಂತ ಕೇಳ್ತಿದೀನಿ.

ಇನ್ನೊಂದು, ನನ್ನಂಥೋನು ಆಫೀಸ್ ಮುಗಿಸಿ ಸಂಜೆ ಒಂದು ಗಂಟೆ ಕೂತು ಇದಕ್ಕೆ ಏನಾದ್ರೂ ಮಾಡೋಕಾಗುತ್ತಾ, ಇಲ್ಲ ಇದು ಪಿಎಚ್‌ಡಿ ಮಾಡಿದೋರ ಅಂಗಳಾನಾ?

ಓ2_ಭಕ್ತ

ಗುರು, ಆ ದೊಡ್ಡ ಪ್ರಶ್ನೆ ಪಕ್ಕಕ್ಕಿಡು, ಮೊದ್ಲು ನಿನ್ನ ಕೋಡ್ ನೋಡೋಣ. ಓ0 ನಲ್ಲಿ ಸರಿ ಓ2 ನಲ್ಲಿ ತಪ್ಪು ಅಂದ ತಕ್ಷಣ ಕಂಪೈಲರ್ ಕಡೆ ಬೆರಳು ತೋರ್ಸೋದು ಕುಣೀಲಾರದೋರು ನೆಲ ಡೊಂಕು ಅಂದ ಹಾಗೆ. ನಾನೂ ಕುಣಿದಿದೀನಿ, ನಾನೂ ನೆಲಾನೇ ಬೈದಿದೀನಿ, ಅದಕ್ಕೇ ಹೇಳ್ತಿರೋದು.

ಆ ಚೆಕ್ ಹೇಗೆ ಬರ್ದಿದೀಯ? ಆಫ್‌ಸೆಟ್‌ಗೆ ಉದ್ದ ಕೂಡ್ಸಿ, ಬಂದ ಮೊತ್ತ ಆಫ್‌ಸೆಟ್‌ಗಿಂತ ಕಮ್ಮಿ ಆದ್ರೆ ಓವರ್‌ಫ್ಲೋ ಆಗಿದೆ, ಅಂದ್ರೆ ಸಂಖ್ಯೆ ತನ್ನ ಜಾಗ ಮೀರಿದೆ, ಅಂತ ಅರ್ಥ, ಆಚೆ ಹಾಕು, ಹೀಗಿದ್ಯಾ? ಎರಡೂ ಸೈನ್ಡ್ ಇಂಟಾ, ಅಂದ್ರೆ ಮೈನಸ್ಸೂ ಆಗ್ಬಹುದಾದ ಪೂರ್ಣಾಂಕಾನಾ? ಹಾಗಿದ್ರೆ ಬೇರೆ ಏನೂ ನೋಡೋದೇ ಬೇಡ. ಸಿ ಸ್ಟ್ಯಾಂಡರ್ಡ್ ಪ್ರಕಾರ ಸೈನ್ಡ್ ಓವರ್‌ಫ್ಲೋ ಅನ್‌ಡಿಫೈನ್ಡ್ ಬಿಹೇವಿಯರ್, ಅಂದ್ರೆ ಅದು ಆಗೋದೇ ಇಲ್ಲ ಅಂತ ಕಂಪೈಲರ್ ನಂಬ್ಕೊಂಡು ಮುಂದೆ ಹೋಗ್ಬಹುದು. ಉದ್ದ ಸೊನ್ನೆಗಿಂತ ಕಮ್ಮಿ ಇಲ್ಲ ಅಂತ ಅದಕ್ಕೆ ಇನ್ನೆಲ್ಲೋ ಗೊತ್ತಾಗಿದ್ರೆ, ಮೊತ್ತ ಕಮ್ಮಿ ಆಗೋಕೆ ಸಾಧ್ಯಾನೇ ಇಲ್ಲ, ಹಾಗಾದ್ರೆ ಈ ಇಫ್ ಯಾಕೆ ಬೇಕು ಅಂತ ಕಿತ್ತು ಬಿಸಾಕುತ್ತೆ. ಹಳೇ ವರ್ಷನ್ ಅಷ್ಟು ದೂರ ನೋಡ್ತಿರ್ಲಿಲ್ಲ, ಹೊಸದು ಇನ್ನೊಂದು ಫಂಕ್ಷನ್ ಇನ್‌ಲೈನ್ ಮಾಡ್ಕೊಂಡು, ಅಂದ್ರೆ ಅದ್ರ ಕೋಡನ್ನ ಇಲ್ಲಿಗೇ ಎಳ್ಕೊಂಡು, ನೋಡ್ತು ಅಷ್ಟೇ. ತಪ್ಪು ಮೊದ್ಲಿಂದ್ಲೂ ಇತ್ತು, ಬೆಳಕು ಈಗ ಬಿತ್ತು.

ಇದು ದೊಡ್ಡೋರಿಗೂ ಆಗಿದೆ. 2009ರಲ್ಲಿ ಲಿನಕ್ಸ್ ಕರ್ನಲ್‌ನ ಟನ್ ಡ್ರೈವರ್‌ನಲ್ಲಿ ಒಂದು ಪಾಯಿಂಟರನ್ನ (ಮೆಮೊರಿ ವಿಳಾಸ) ಮೊದ್ಲು ಡಿರೆಫರೆನ್ಸ್ ಮಾಡಿ, ಅಂದ್ರೆ ಅದು ತೋರ್ಸೋ ಜಾಗ ಓದಿ, ಆಮೇಲೆ ಅದು ನಲ್ಲಾ, ಅಂದ್ರೆ ಖಾಲಿ ವಿಳಾಸಾನಾ, ಅಂತ ಕೇಳಿದ್ರು. ಜಿಸಿಸಿ ಹೇಳ್ತು, ಆಗ್ಲೇ ಡಿರೆಫರೆನ್ಸ್ ಮಾಡಿಯಾಯ್ತಲ್ಲ, ಇನ್ನು ನಲ್ ಹೇಗಿರುತ್ತೆ, ಚೆಕ್ ದಂಡ. ತೆಗೀತು. ಅದೇ ದಾಳಿ ಮಾಡೋರಿಗೆ ರೂಟ್, ಅಂದ್ರೆ ಇಡೀ ಮಷೀನ್‌ಗೆ ಯಜಮಾನ, ಆಗೋಕೆ ದಾರಿ ಆಯ್ತು. ಈಗ ಕರ್ನಲ್ ಬಿಲ್ಡ್ ಮಾಡುವಾಗ ನಲ್ ಚೆಕ್ ಕೀಳ್ಬೇಡ ಮಹಾರಾಯ ಅಂತ ಒಂದು ಫ್ಲ್ಯಾಗ್ ಕೊಟ್ಟೇ ಕೊಡ್ತಾರೆ.

ಅನ್‌ಡಿಫೈನ್ಡ್ ಬಿಹೇವಿಯರನ್ನ ಓಡುವಾಗ್ಲೇ ಹಿಡಿಯೋ ಯುಬಿಸ್ಯಾನ್ ಹಾಕಿ ಬಿಲ್ಡ್ ಮಾಡು, ಕೆಟ್ಟ ಪ್ಯಾಕೆಟ್ ಕೊಡು, ಏನ್ ಬೈಯುತ್ತೆ ನೋಡು. ಇನ್ನೊಂದು ಸುಲಭದ ದಾರಿ, ಎಫ್‌ರ‍್ಯಾಪ್‌ವಿ ಫ್ಲ್ಯಾಗ್ ಕೊಡು, ಸೈನ್ಡ್ ಓವರ್‌ಫ್ಲೋ ಸುತ್ತಿ ಬರುತ್ತೆ ಅಂತ ಕಂಪೈಲರ್ ಒಪ್ಕೊಳುತ್ತೆ. ಅದ್ರಿಂದ ಸರಿಹೋದ್ರೆ ಕಳ್ಳ ಸಿಕ್ಕ ಹಾಗೆ. ಎರಡರಲ್ಲೂ ಏನೂ ಸಿಗ್ಲಿಲ್ಲ ಅಂದ್ರೆ ಆಗ ಟೆಸ್ಟ್ ಕೇಸ್ ರೆಡ್ಯೂಸ್ ಮಾಡು, ಅಂದ್ರೆ ತಪ್ಪು ಉಳಿಯೋ ಹಾಗೇ ಕೋಡನ್ನ ಕತ್ತರಿಸಿ ಚಿಕ್ಕದು ಮಾಡು, ಸಿ-ರೆಡ್ಯೂಸ್ ಅಂತ ಟೂಲೇ ಇದೆ.

ಹಳೇ_ಟರ್ಮಿನಲ್

ಮೇಲಿನವರು ಹೇಳಿದ್ದು ಸರಿ. ನಾನು ಆ ದೊಡ್ಡ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ ಇದೇ ಪ್ರಶ್ನೆ ನಮ್ಮ ಮ್ಯಾನೇಜರೂ ಒಂದ್ಸಲ ಕೇಳಿದ್ರು, ಅವತ್ತು ಉತ್ತರ ಸರಿಯಾಗಿ ಕೊಡೋಕೆ ಬರ್ಲಿಲ್ಲ ನಂಗೆ. ಉದ್ದ ಆಗುತ್ತೆ, ತಾಳ್ಮೆ ಇರ್ಲಿ.

ಟೆಕ್ಸ್ಟ್ ತಗೊಂಡು ಮಷೀನ್ ಕೋಡ್ ಕೊಡೋದು ಅಂದ್ರಲ್ಲ, ಆ ಟೆಕ್ಸ್ಟೂ ನಿಂತಿಲ್ಲ, ಆ ಮಷೀನೂ ನಿಂತಿಲ್ಲ. ಮಷೀನ್ ಕಡೆ ರಿಸ್ಕ್-ಫೈವ್ ಅನ್ನೋ ಚಿಪ್ ವಿನ್ಯಾಸ ಬಂತು, ಅದಕ್ಕೆ ಒಂದೇ ಸಲಕ್ಕೆ ಹಲವು ಲೆಕ್ಕ ಮಾಡೋ ವೆಕ್ಟರ್ ಎಕ್ಸ್‌ಟೆನ್ಷನ್ ಬಂತು, ಆರ್ಮ್ ಚಿಪ್‌ಗಳಲ್ಲಿ ಅಂಥದ್ದೇ ಎಸ್‌ವಿಇ ಬಂತು, ಲೂಪ್‌ಗಳನ್ನ ಅದಕ್ಕೆ ಹೊಂದಿಸೋ ಲೂಪ್ ವೆಕ್ಟರೈಸರ್ ಇದನ್ನೆಲ್ಲ ಕಲೀಬೇಕು. ಇದು ಎಲ್ರಿಗೂ ಅರ್ಥ ಆಗೋ ಭಾಗ, ಹೆಚ್ಚು ಹೇಳಲ್ಲ. ನಂಗೆ ಸ್ವಾರಸ್ಯ ಅನ್ಸೋದು ಟೆಕ್ಸ್ಟ್ ಕಡೆ.

ಒಂದು ಉದಾಹರಣೆ ತಗೊಳ್ಳಿ. ಡಿಕ್ಲೇರ್ ಮಾಡದೇ ಫಂಕ್ಷನ್ ಕರೆಯೋದನ್ನ ಸಿ ಭಾಷೆ 1999ರ ಸ್ಟ್ಯಾಂಡರ್ಡ್‌ನಲ್ಲೇ ತೆಗೆದು ಹಾಕ್ತು. ಆದ್ರೆ ಕಂಪೈಲರ್‌ಗಳು ಬರೀ ವಾರ್ನಿಂಗ್ ಕೊಟ್ಕೊಂಡು ಕೂತಿದ್ವು, ಯಾಕಂದ್ರೆ ಎರರ್ ಮಾಡಿದ್ರೆ ಲೋಕದ ಅರ್ಧ ಹಳೇ ಕೋಡ್ ಬಿಲ್ಡ್ ಆಗಲ್ಲ. ಎಲ್‌ಎಲ್‌ವಿಎಮ್‌ನ ಸಿ ಕಂಪೈಲರ್ ಕ್ಲಾಂಗ್ 16 ಬಂದಾಗ 2023ರಲ್ಲಿ ಅದನ್ನ ಡಿಫಾಲ್ಟ್ ಆಗಿ ಎರರ್ ಮಾಡಿದ್ರು, ಜಿಸಿಸಿ 14 ರಲ್ಲಿ 2024ಕ್ಕೆ ಮಾಡಿದ್ರು. 25 ವರ್ಷ! ಒಂದು ವಾರ್ನಿಂಗ್ ಅನ್ನೋ ಪದ ಎರರ್ ಆಗೋಕೆ ಇಷ್ಟು ಟೈಮ್ ಯಾಕೆ ಬೇಕಾಯ್ತು ಅಂತ ಕೇಳಿ. ಕಂಪೈಲರ್ ಒಳಗಿನ ಬದಲಾವಣೆ ಸಣ್ಣದು, ನಿಜವಾದ ಕೆಲ್ಸ ಹೊರಗೆ. ಡಿಸ್ಟ್ರೋಗಳೋರು, ಅಂದ್ರೆ ಲಿನಕ್ಸನ್ನ ಪ್ಯಾಕ್ ಮಾಡಿ ಹಂಚೋರು, ತಮ್ಮ ಪ್ಯಾಕೇಜ್‌ಗಳನ್ನೆಲ್ಲ ಮುಂಚೆನೇ ಹೊಸ ರೂಲ್ ಹಾಕಿ ಬಿಲ್ಡ್ ಮಾಡಿ ನೋಡ್ಬೇಕು, ಒಡೆದಿದ್ದಕ್ಕೆ ಪ್ಯಾಚ್ ಕಳಿಸ್ಬೇಕು. ಅದ್ರಲ್ಲೂ ಬಿಲ್ಡ್ ಫೇಲ್ ಆದ್ರೆ ಪುಣ್ಯ, ಗೊತ್ತಾಗುತ್ತೆ. ಹೆದರ್ಸೋದು ಕಾನ್ಫಿಗರ್ ಸ್ಕ್ರಿಪ್ಟ್‌ಗಳು. ಈ ಸಿಸ್ಟಮ್‌ನಲ್ಲಿ ಇಂಥ ಫಂಕ್ಷನ್ ಇದ್ಯಾ ಅಂತ ನೋಡೋಕೆ ಅವು ಒಂದು ಪುಟ್ಟ ಪ್ರೋಗ್ರಾಮ್ ಬರ್ದು ಕಂಪೈಲ್ ಮಾಡಿ ನೋಡ್ತವೆ, ಆ ಪುಟ್ಟ ಪ್ರೋಗ್ರಾಮ್‌ನಲ್ಲೇ ಹೆಡರ್ ಸೇರ್ಸೋದು ಮರೆತಿದ್ರೆ ಮೊದ್ಲು ವಾರ್ನಿಂಗ್‌ನಲ್ಲಿ ಪಾಸ್ ಆಗ್ತಿತ್ತು, ಈಗ ಎರರ್ ಬಂದು ಫೇಲ್, ಸ್ಕ್ರಿಪ್ಟು ಓಹೋ ಈ ಸಿಸ್ಟಮ್‌ನಲ್ಲಿ ಆ ಸೌಲಭ್ಯ ಇಲ್ಲ ಅಂದ್ಕೊಂಡು ಸುಮ್ನೆ ಅದನ್ನ ಬಿಟ್ಟು ಬಿಲ್ಡ್ ಮಾಡುತ್ತೆ. ಒಂದೇ ಒಂದು ಎರರ್ ಮೆಸೇಜ್ ಇಲ್ಲದೇ ಕೈಯೋ ಕಾಲೋ ಇಲ್ಲದ ಪ್ರೋಗ್ರಾಮ್ ರೆಡಿ. ಇದನ್ನ ಹುಡುಕೋರ ಸ್ಥಿತಿ ಯೋಚ್ನೆ ಮಾಡಿ. ಇದೆಲ್ಲ ಒಂದು ಲೆವೆಲ್‌ಗೆ ಬರೋ ಅಷ್ಟ್ರಲ್ಲಿ ಜಿಸಿಸಿ 15 ಬಂತು, ಡಿಫಾಲ್ಟ್ ಸಿ 23 ಆಯ್ತು, ಈಗ ಖಾಲಿ ಬ್ರ್ಯಾಕೆಟ್ ಇರೋ ಫಂಕ್ಷನ್ ಡಿಕ್ಲರೇಷನ್ ಅಂದ್ರೆ ಆರ್ಗ್ಯುಮೆಂಟೇ ಇಲ್ಲ ಅಂತ ಅರ್ಥ, ಬೂಲ್ ಅನ್ನೋದು ಕೀವರ್ಡ್. ಮತ್ತೆ ಅದೇ ಸುತ್ತು.

ಇನ್ನು ಒಳಮನೆ ರಿಪೇರಿ. ಎಲ್‌ಎಲ್‌ವಿಎಮ್‌ನ ಒಳಭಾಷೆಯಲ್ಲಿ ಪಾಯಿಂಟರ್ ಅಂದ್ರೆ ಅದು ಯಾವ ಟೈಪ್ ಕಡೆ ತೋರಿಸ್ತಿದೆ ಅನ್ನೋದೂ ಅದ್ರಲ್ಲೇ ಬರ್ದಿರ್ತಿತ್ತು. ಅದ್ರಿಂದ ಕೋಡ್ ಚುರುಕು ಮಾಡೋ ಆಪ್ಟಿಮೈಸರ್‌ಗೆ ಉಪಯೋಗ ಕಮ್ಮಿ, ತಲೆನೋವು ಜಾಸ್ತಿ, ಎಲ್ಲೆಲ್ಲೂ ಒಂದು ಟೈಪಿಂದ ಇನ್ನೊಂದಕ್ಕೆ ಬಿಟ್‌ಕಾಸ್ಟ್, ಪ್ರತಿ ಪಾಸೂ, ಅಂದ್ರೆ ಆಪ್ಟಿಮೈಸರ್‌ನ ಪ್ರತಿ ಸುತ್ತೂ, ಆ ಬಿಟ್‌ಕಾಸ್ಟ್ ದಾಟಿ ಹಿಂದೆ ಏನಿದೆ ಅಂತ ಇಣುಕಬೇಕು. ಇದನ್ನ ತೆಗೆದು ಬರೀ ಪಾಯಿಂಟರ್ ಅಂತ ಮಾಡೋ ಕೆಲ್ಸ ವರ್ಷಗಟ್ಲೆ ನಡೀತು. ವರ್ಷನ್ 15 ರಲ್ಲಿ, ಅಂದ್ರೆ 2022ರಲ್ಲಿ ಡಿಫಾಲ್ಟ್ ಆಯ್ತು, 17 ರಲ್ಲಿ ಹಳೇದನ್ನ ಪೂರ್ತಿ ಕಿತ್ರು. ಬಳಸೋರ ಕಣ್ಣಿಗೆ ಇದು ಕಾಣಲ್ಲ. ನಿಮ್ಮ ಪ್ರೋಗ್ರಾಮ್ ಮೊದ್ಲೂ ಓಡ್ತಿತ್ತು ಆಮೇಲೂ ಓಡುತ್ತೆ. ಆದ್ರೆ ನಡುವೆ ಬಿದ್ದ ಕಮಿಟ್‌ಗಳನ್ನ ಎಣಿಸೋಕೆ ಹೋದ್ರೆ ನಿಮ್ಮ ಬೆರಳು ಇನ್ನೊಂದ್ಸಲ ನೋಯುತ್ತೆ. ಜಿಸಿಸಿಯೂ ಹೀಗೇ, 2005ರ 4.0 ನಲ್ಲಿ ಟ್ರೀ ಎಸ್‌ಎಸ್‌ಎ ಅಂತ ನಡುಮನೆಯನ್ನೇ ಹೊಸದಾಗಿ ಕಟ್ಟಿದ್ರು, ಆಮೇಲೆ ಸಿ ನಲ್ಲಿ ಇದ್ದ ಕಂಪೈಲರನ್ನ ಸಿ ಪ್ಲಸ್ ಪ್ಲಸ್‌ಗೆ ಹೊರಳ್ಸಿದ್ರು. ಮನೇಲಿ ಜನ ವಾಸ ಇರುವಾಗ್ಲೇ ತೊಲೆ ಬದಲಾಯ್ಸೋ ಕೆಲ್ಸ.

ತೆರೆದಿರೋ ಬಗ್ ಲೆಕ್ಕ ನೋಡಿ ಹೆದರ್ಬೇಡಿ. ಜಿಸಿಸಿಯ ಬಗ್ ಟ್ರ್ಯಾಕರ್ ಆದ ಬಗ್‌ಜಿಲ್ಲಾದಲ್ಲಿ 323 ನಂಬರಿನ ಬಗ್ ಒಂದಿದೆ, 2000ನೇ ಇಸವಿದು, ಹಳೇ ಎಕ್ಸ್87 ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರ್ 80 ಬಿಟ್ ಇರೋದ್ರಿಂದ ಲೆಕ್ಕ ಒಂದು ಸಲ ಒಂದು ಥರ ಇನ್ನೊಂದು ಸಲ ಇನ್ನೊಂದು ಥರ ಬರೋದು. ಅದಕ್ಕೆ ಡೂಪ್ಲಿಕೇಟ್ ಅಂತ ಸೇರ್ಸಿದ ರಿಪೋರ್ಟ್‌ಗಳ ಪಟ್ಟಿ ನೋಡಿದ್ರೆ ನಗು ಬರುತ್ತೆ. ಸ್ಟ್ಯಾಂಡರ್ಡ್ ಪ್ರಕಾರ ನಡ್ಕೊ ಅನ್ನೋ ಆಪ್ಷನ್ ಸಿ ಗೆ 4.5 ರಲ್ಲೇ ಬಂತು, ಸಿ ಪ್ಲಸ್ ಪ್ಲಸ್‌ಗೆ ಬಂದಿದ್ದು ಜಿಸಿಸಿ 13 ರಲ್ಲಿ, 2023ಕ್ಕೆ. ಅವ್ರು ನಿಜವಾಗಿ ಕಣ್ಣಿಡೋದು ರಿಗ್ರೆಷನ್ ಮೇಲೆ, ಅಂದ್ರೆ ಹೋದ ವರ್ಷನ್‌ನಲ್ಲಿ ಸರಿಯಿದ್ದು ಈಗ ಕೆಟ್ಟಿರೋದು. ವರ್ಷದಲ್ಲಿ ಕೆಲವು ತಿಂಗಳು ಸ್ಟೇಜ್ 1, ಹೊಸದು ಏನ್ ಬೇಕಾದ್ರೂ ತನ್ನಿ. ಆಮೇಲೆ ಬಾಗಿಲು ಹಾಕ್ತಾರೆ, ಸ್ಟೇಜ್ 3 ರಲ್ಲಿ ಬಗ್ ಫಿಕ್ಸ್, ಸ್ಟೇಜ್ 4 ರಲ್ಲಿ ರಿಗ್ರೆಷನ್ ಮತ್ತೆ ಡಾಕ್ಯುಮೆಂಟೇಷನ್ ಅಷ್ಟೇ. ಪಿ1 ಅಂತ ಗುರುತು ಮಾಡಿದ ರಿಗ್ರೆಷನ್ ಸೊನ್ನೆ ಆಗೋವರೆಗೂ ರಿಲೀಸ್ ಕ್ಯಾಂಡಿಡೇಟ್ ಹೊರಗೆ ಬರಲ್ಲ. ಸ್ಟೇಜ್ 2 ಎಲ್ಲಿ ಹೋಯ್ತು ಅಂತ ಕೇಳ್ಬೇಡಿ, ಹೆಸರಿಗೆ ಇತ್ತು, ಯಾರೂ ಬಳಸ್ದೇ ಸತ್ತೋಯ್ತು.

ಏಡಿ_ಕೊಂಬು

ಹಳೇ ಟರ್ಮಿನಲ್ ಸರ್ ಬರ್ದಿದ್ದು ಸೂಪರ್, ಆದ್ರೆ ವರ್ಷಕ್ಕೊಂದು ಸಲ ಬಾಗಿಲು ತೆಗೆದು ಹಾಕೋ ಪದ್ಧತಿ ನಂಗ್ಯಾಕೋ ಹಿಡಿಸಲ್ಲ. ರಸ್ಟ್ ಭಾಷೆಯ ಕಂಪೈಲರ್‌ನಲ್ಲಿ 2015ರ 1.0 ಇಂದ ಇಲ್ಲಿವರೆಗೂ 6 ವಾರಕ್ಕೊಂದು ರಿಲೀಸ್, ರೈಲಿನ ಥರ, ನಿಮ್ಮ ಫೀಚರ್ ರೆಡಿ ಇಲ್ವಾ ಮುಂದಿನ ರೈಲು ಹತ್ತಿ, ಯಾರೂ ಕಾಯಲ್ಲ. ಅದು ಸಾಧ್ಯ ಆಗೋದು ಕ್ರೇಟರ್ ಅನ್ನೋ ಟೂಲ್ ಇಂದ. ಕಂಪೈಲರ್‌ನಲ್ಲಿ ಏನೋ ಬದಲಾಯ್ಸಿದ್ರಿ, ಯಾರ ಕೋಡ್ ಒಡೆಯುತ್ತೋ ಅಂತ ಅನುಮಾನ ಇದ್ರೆ ಪಬ್ಲಿಕ್ ಆಗಿ ಸಿಗೋ ಕ್ರೇಟ್‌ಗಳನ್ನೆಲ್ಲ, ಅಂದ್ರೆ ರಸ್ಟ್ ಪ್ಯಾಕೇಜ್‌ಗಳನ್ನೆಲ್ಲ, ಹಳೇ ಕಂಪೈಲರ್‌ನಲ್ಲೊಂದ್ಸಲ ಹೊಸದ್ರಲ್ಲೊಂದ್ಸಲ ಬಿಲ್ಡ್ ಮಾಡಿ ವ್ಯತ್ಯಾಸ ತೋರಿಸುತ್ತೆ. ದಿನಗಟ್ಲೆ ಓಡುತ್ತೆ ಪಾಪ.

ಆದ್ರೂ ಒಡೆಯುತ್ತೆ, ಅದನ್ನೂ ಹೇಳ್ಬಿಡ್ತೀನಿ, ಬಡಾಯಿ ಕೊಚ್ಚೋದು ಬೇಡ. 2024 ಜುಲೈನ 1.80 ರಲ್ಲಿ ಬಾಕ್ಸ್ ಒಳಗಿನ ಸ್ಟ್ರಿಂಗ್ ಸ್ಲೈಸ್‌ಗೆ ಇಟರೇಟರ್ ಇಂದ ಕಲೆಕ್ಟ್ ಮಾಡೋ ಒಂದು ಇಂಪ್ಲಿಮೆಂಟೇಷನ್ ಸೇರ್ಸಿದ್ರು. ನೋಡೋಕೆ ಎಷ್ಟು ಪಾಪದ ಬದಲಾವಣೆ. ಆದ್ರೆ ಟೈಮ್ ಅನ್ನೋ ಕ್ರೇಟ್‌ನ ಹಳೇ ವರ್ಷನ್‌ನಲ್ಲಿ ಒಂದು ಕಡೆ ಟೈಪ್ ಬರೀದೇ ಕಂಪೈಲರ್ ಊಹೆಗೆ ಬಿಟ್ಟಿದ್ರು. ಮೊದ್ಲು ಉತ್ತರ ಒಂದೇ ಇತ್ತು, ಈಗ ಎರಡಾಯ್ತು, ಕಂಪೈಲರ್ ಕೈ ಎತ್ತಿಬಿಡ್ತು. ಸರಿಮಾಡಿದ ವರ್ಷನ್ ಮುಂಚೆನೇ ಬಿಟ್ಟಿದ್ರು ಆದ್ರೆ ವರ್ಷನ್ ಕಟ್ಟಿಹಾಕೋ ಲಾಕ್‌ಫೈಲ್‌ನಲ್ಲಿ ಹಳೇದನ್ನೇ ಹಿಡ್ಕೊಂಡು ಕೂತಿದ್ದೋರು ಒಬ್ರಾ ಇಬ್ರಾ. ಭಾಷೆಗೆ ಏನಾದ್ರೂ ಸೇರ್ಸೋದು ಕೂಡ ಒಡೆಯೋ ಕೆಲ್ಸಾನೇ ಆಗ್ಬಹುದು ಅಂತ ನಂಗೆ ಮನಸ್ಸಿಗೆ ಹೋಗಿದ್ದು ಅವತ್ತೇ.

ಇನ್ನೊಂದು ಕಥೆ ಹೇಳ್ತೀನಿ, ಇದು ಕಂಪೈಲರ್ ಬಗ್ ಅಂದ್ರೆ ಏನು ಅನ್ನೋದಕ್ಕೆ ನನ್ನ ಫೇವರಿಟ್. ರಸ್ಟ್‌ನಲ್ಲಿ ಮ್ಯೂಟಬಲ್ ರೆಫರೆನ್ಸ್ ಅಂದ್ರೆ ಆ ಜಾಗಕ್ಕೆ ಬೇರೆ ಯಾರೂ ಕೈ ಹಾಕಲ್ಲ ಅನ್ನೋ ಗ್ಯಾರಂಟಿ. ರಸ್ಟ್ ಮಷೀನ್ ಕೋಡ್ ಮಾಡಿಸ್ಕೊಳ್ಳೋದು ಎಲ್‌ಎಲ್‌ವಿಎಮ್ ಕೈಲಿ, ಅದನ್ನ ಎಲ್‌ಎಲ್‌ವಿಎಮ್‌ಗೆ ನೋಎಲಿಯಾಸ್ ಅಂತ ಗುರುತು ಹಾಕಿ ಹೇಳಿದ್ರೆ ಕೋಡ್ ಚೆನ್ನಾಗಿ ಬರುತ್ತೆ. ಆದ್ರೆ ಸಿ ನಲ್ಲಿ ಅದಕ್ಕೆ ಸಮ ಅಂದ್ರೆ ರಿಸ್ಟ್ರಿಕ್ಟ್, ಅದನ್ನ ಜನ ಅಪರೂಪಕ್ಕೆ ಬಳಸೋದು, ಹಾಗಾಗಿ ಎಲ್‌ಎಲ್‌ವಿಎಮ್‌ನ ಆ ಮೂಲೆಯಲ್ಲಿ ಅಷ್ಟಾಗಿ ಯಾರೂ ಓಡಾಡಿರ್ಲಿಲ್ಲ, ಜೇಡರ ಬಲೆ. ರಸ್ಟ್ ಬಂದು ಎಲ್ಲಾ ಫಂಕ್ಷನ್‌ನಲ್ಲೂ ಆ ಗುರುತು ಹಾಕಿದ ಮೇಲೆ ಒಂದೊಂದೇ ಮಿಸ್‌ಕಂಪೈಲ್, ಅಂದ್ರೆ ಸರಿಯಾದ ಕೋಡ್‌ಗೆ ತಪ್ಪು ಮಷೀನ್ ಕೋಡ್, ಹೊರಗೆ ಬಂತು. ಆನ್ ಮಾಡೋದು, ಬಗ್ ಬಂತು ಅಂತ ಆಫ್ ಮಾಡೋದು, ಎಲ್‌ಎಲ್‌ವಿಎಮ್‌ನಲ್ಲಿ ಸರಿ ಆಯ್ತು ಅಂತ ಮತ್ತೆ ಆನ್, ಮತ್ತೆ ಇನ್ನೊಂದು. ಕೊನೆಗೆ 2021ರ 1.54 ರಲ್ಲಿ ಆನ್ ಆಗಿ ಉಳೀತು. ಅಷ್ಟು ಹೊತ್ತೂ ರಸ್ಟ್‌ನೋರು ಕೂತು ಬೇರೆಯೋರ ಪ್ರಾಜೆಕ್ಟ್‌ನ ಬಗ್ ಸರಿಮಾಡಿಸ್ತಿದ್ರು, ಇದನ್ನ ಯಾರ ಲೆಕ್ಕಕ್ಕೆ ಬರೀತೀರಿ?

ಹಳೇ_ಟರ್ಮಿನಲ್

6 ವಾರದ ರೈಲು ಚೆನ್ನಾಗಿದೆ ಏಡಿಯವರೆ, ಆದ್ರೆ ನಿಮಗೆ ಊರಿನ ಎಲ್ಲಾ ಮನೆ ಒಂದೇ ರಿಜಿಸ್ಟ್ರಿಯಲ್ಲಿ ಸಿಗುತ್ತೆ. ಸಿ ಕೋಡ್ ಎಲ್ಲೆಲ್ಲಿ ಬಿದ್ದಿದೆ ಅಂತ ಯಾರಿಗೆ ಗೊತ್ತು ಸ್ವಾಮಿ, ನಮ್ಮ ಕ್ರೇಟರ್ ಅಂದ್ರೆ ಡಿಸ್ಟ್ರೋಗಳೇ. ಅದಕ್ಕೇ ಬಾಗಿಲು ಹಾಕಿ ಕಾಯ್ಬೇಕಾಗುತ್ತೆ.

ಪ್ಯಾಚ್_ಸವೆದವ

ಎಲ್ಲಾ ಚೆಂದ ಚೆಂದ ಕಥೆ ಹೇಳ್ತಿದೀರಿ, ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಈ ದಿನಾ ಬೀಳೋ ಕಮಿಟ್‌ಗಳಲ್ಲಿ ಬಹುಪಾಲು ಸಂಬಳ ತಗೊಂಡು ಬರೆಯೋರದ್ದು. ಜಿಸಿಸಿಗೆ ರೆಡ್ ಹ್ಯಾಟ್, ಸೂಸೆ, ಆರ್ಮ್, ಇಂಟೆಲ್, ಐಬಿಎಮ್ ಥರದ ಕಂಪನಿ ಜನ, ಎಲ್‌ಎಲ್‌ವಿಎಮ್‌ಗೆ ಆಪಲ್, ಗೂಗಲ್, ಚಿಪ್ ಮಾಡೋರು ಎಲ್ಲ. ತಪ್ಪು ಅಂತ ಹೇಳ್ತಿಲ್ಲ, ಅವ್ರಿಲ್ಲ ಅಂದ್ರೆ ನಡಿಯಲ್ಲ. ಆದ್ರೆ ಕಂಪನಿಗೆ ಬೇಕಾದ ಚಿಪ್ ಇರೋವರೆಗೆ ಆ ಬ್ಯಾಕೆಂಡ್‌ಗೆ, ಅಂದ್ರೆ ಆ ಚಿಪ್‌ಗೆ ಕೋಡ್ ತಯಾರ್ಸೋ ಭಾಗಕ್ಕೆ, ರಾಜಮರ್ಯಾದೆ, ಆಮೇಲೆ ಅನಾಥ.

ಇಂಟೆಲ್‌ನ ಹಳೇ ಸರ್ವರ್ ಚಿಪ್ ಇಟಾನಿಯಮ್ ನೋಡಿ. ಲಿನಕ್ಸ್ ಕರ್ನಲ್ 6.7 ರಲ್ಲಿ ಅದನ್ನ ಕಿತ್ತು ಹಾಕಿತು, ಜಿಸಿಸಿ 14 ರಲ್ಲಿ ಇನ್ನು ನೋಡ್ಕೊಳ್ಳೋರಿಲ್ಲ ಅಂತ ಆಬ್ಸಲೀಟ್ ಪಟ್ಟಿಗೆ ಹಾಕಿದ್ರು, ಆಮೇಲೆ ನಾನು ನೋಡ್ಕೋತೀನಿ ಅಂತ ಒಬ್ರು ಮುಂದೆ ಬಂದ್ರು ಅಂತ 15 ರಲ್ಲಿ ವಾಪಸ್ ತಗೊಂಡ್ರು. ಒಂದು ಆರ್ಕಿಟೆಕ್ಚರ್‌ನ ಜೀವ ಒಬ್ಬ ಮನುಷ್ಯನ ಕೈಲಿ. ಮೋಟೊರೋಲಾದ ಹಳೇ ಚಿಪ್ ಎಂ68ಕೆ ಕಥೆ ಇನ್ನೂ ಚೆನ್ನಾಗಿದೆ, ಜಿಸಿಸಿ ಒಳಗೆ ಕಂಡಿಷನ್ ಕೋಡ್ ಇಡೋ ಹಳೇ ಪದ್ಧತಿ ಸಿಸಿ0 ಅಂತ ಇತ್ತು, ಅದನ್ನ ತೆಗೀತೀವಿ, ಬದಲಾಗದ ಬ್ಯಾಕೆಂಡ್‌ಗಳೂ ಅದ್ರ ಜೊತೆ ಹೋಗ್ತವೆ ಅಂದ್ರು. ಹಳೇ ಕಂಪ್ಯೂಟರ್ ಪ್ರೀತಿ ಇರೋ ಹವ್ಯಾಸಿಗಳು ಕೈಯಿಂದ ದುಡ್ಡು ಹಾಕಿ ಬೌಂಟಿ, ಅಂದ್ರೆ ಮಾಡಿದೋರಿಗೆ ಬಹುಮಾನ, ಇಟ್ಟು ಆ ಬ್ಯಾಕೆಂಡ್ ಉಳಿಸ್ಕೊಂಡ್ರು.

ಅಂದ ಹಾಗೆ ಮೂಲ ಪ್ರಶ್ನೆ ಕೇಳಿದೋರಿಗೆ ಒಂದು ಮಾತು, ಸಂಜೆ ಒಂದು ಗಂಟೆಲಿ ಪ್ಯಾಚ್ ಬರೆಯೋಕಾಗುತ್ತೆ. ಅದನ್ನ ನೋಡೋರು ಸಿಗೋದು ಕಷ್ಟ. ನಂದೊಂದು 20 ಸಾಲಿನ ಪ್ಯಾಚ್, ರಿವ್ಯೂಗೆ ಕಳ್ಸಿ, ವಾರಕ್ಕೊಂದು ಪಿಂಗ್ ಮಾಡಿ, ಮೂರು ತಿಂಗಳಾದ್ಮೇಲೆ ಉತ್ತರ ಬಂತು, ಅಷ್ಟ್ರಲ್ಲಿ ಆ ಫೈಲೇ ಬೇರೆ ಆಗಿತ್ತು. ಕೋಪ ಬಂತು, ಆಮೇಲೆ ಆ ಭಾಗ ಗೊತ್ತಿರೋರು ಒಟ್ಟು ಎಷ್ಟು ಜನ ಅಂತ ನೋಡಿದೆ. ಇಬ್ರು. ಕೋಪ ಇಳೀತು.

ಅರೆಬರೆ_ಕೋಡರ್

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ. ಎರಡು ಸುದ್ದಿ ಇದೆ.

ಮೊದಲನೇದು ಮಾನ ಹೋಗೋ ಸುದ್ದಿ. ಓ2 ಭಕ್ತರು ಕೋಡ್ ನೋಡ್ದೇನೇ ಹೇಳಿದ್ದು ನೂರಕ್ಕೆ ನೂರು ಸರಿ. ಯುಬಿಸ್ಯಾನ್ ಹಾಕಿದ ತಕ್ಷಣ ಅದೇ ಸಾಲಿನ ನಂಬರ್ ಕೊಟ್ಟು ಸೈನ್ಡ್ ಇಂಟಿಜರ್ ಓವರ್‌ಫ್ಲೋ ಅಂತು. ಗಿಟ್ ಬ್ಲೇಮ್ ಮಾಡಿ ಯಾರು ಬರ್ದಿದ್ದು ಅಂತ ನೋಡ್ದೆ, 3 ವರ್ಷದ ಹಿಂದೆ ನಾನೇ. ಈಗ ಬಿಲ್ಟಿನ್ ಆಡ್ ಓವರ್‌ಫ್ಲೋ ಬಳಸಿ ಸರಿಮಾಡಿದೆ, ಟೀಮ್‌ಗೆ ಹೋಗಿ ಕಂಪೈಲರ್ ಸರಿಯಿಲ್ಲ ಅಂತ ಸಾರಿ ಬಂದಿದ್ದೆ, ಅದನ್ನ ವಾಪಸ್ ತಗೊಳ್ಳೋದು ಬಾಕಿ ಇದೆ.

ಎರಡನೇದು. ಯುಬಿಸ್ಯಾನ್ ಹಾಕೋಕೆ ಮುಂಚೆ ಸ್ವಲ್ಪ ಹುಮ್ಮಸ್ಸಲ್ಲಿ ಸಿ-ರೆಡ್ಯೂಸ್ ಓಡ್ಸಿ ಮಲಗಿಬಿಟ್ಟಿದ್ದೆ. ಬೆಳಿಗ್ಗೆ ನೋಡಿದ್ರೆ 9 ಸಾಲಿನ ಒಂದು ವಿಚಿತ್ರ ಫೈಲ್ ಉಳ್ಕೊಂಡಿದೆ, ನನ್ನ ಕೋಡ್‌ಗೂ ಅದಕ್ಕೂ ಸಂಬಂಧಾನೇ ಇಲ್ಲ, ಅರ್ಧ ಸ್ಟ್ರಕ್ಟ್, ಸೆಮಿಕೋಲನ್ ಇಲ್ಲ, ಸಿ ಭಾಷೆನೇ ಅಲ್ಲ ಅದು. ಅದನ್ನ ಕೊಟ್ರೆ ಕಂಪೈಲರ್ ಎರರ್ ಕೊಡೋ ಬದ್ಲು ತಾನೇ ಬಿದ್ದೋಗ್ತಿದೆ! ಇಂಟರ್ನಲ್ ಕಂಪೈಲರ್ ಎರರ್, ದಯವಿಟ್ಟು ಬಗ್ ರಿಪೋರ್ಟ್ ಮಾಡಿ ಅಂತ ಅದೇ ಕೇಳ್ಕೊಳ್ತಿದೆ. ನನ್ನ ಸ್ಕ್ರಿಪ್ಟ್‌ನಲ್ಲಿ ಔಟ್‌ಪುಟ್ ಬೇರೆ ಬಂದ್ರೆ ಸಾಕು ಅಂತ ಬರ್ದಿದ್ದೆ, ಅದಕ್ಕೆ ಹೀಗಾಯ್ತು ಅನ್ಸುತ್ತೆ. ಇಂಥ ಕಸದ ಕೋಡ್‌ಗೆ ಬಿದ್ದೋದ್ರೆ ಅದೂ ಬಗ್ಗಾ? ರಿಪೋರ್ಟ್ ಮಾಡಿದ್ರೆ ನಗಲ್ವಾ?

ಓ2_ಭಕ್ತ

ಹುಡುಕ್ತಿದ್ದ ಬಳ್ಳಿ ಸಿಗ್ಲಿಲ್ಲ, ಬೇರೆ ಬಳ್ಳಿ ಕಾಲಿಗೆ ಸುತ್ಕೊಂಡಿದೆ 😄

ಬಗ್ಗೇ ಗುರು. ಕೋಡ್ ಎಷ್ಟೇ ಕಸ ಇರ್ಲಿ, ಇದು ಕಸ ಅಂತ ಮರ್ಯಾದೆಯಾಗಿ ಹೇಳ್ಬೇಕು, ತಾನು ಬೀಳ್ಬಾರ್ದು. ಜಿಸಿಸಿ ಟ್ರ್ಯಾಕರ್‌ನಲ್ಲಿ ಇದಕ್ಕೆ ಐಸ್ ಆನ್ ಇನ್ವ್ಯಾಲಿಡ್ ಕೋಡ್ ಅಂತ ಕೀವರ್ಡೇ ಇದೆ (ಐಸ್ ಅಂದ್ರೆ ಇಂಟರ್ನಲ್ ಕಂಪೈಲರ್ ಎರರ್), ಅಷ್ಟು ಮಾಮೂಲು. ಹಾಂ, ಸರಿಯಾದ ಕೋಡ್‌ಗೆ ಬೀಳೋದಕ್ಕಿಂತ ಇದಕ್ಕೆ ಆದ್ಯತೆ ಕಮ್ಮಿ, ಎಲ್ಲಕ್ಕಿಂತ ಮೇಲೆ ಇರೋದು ಸರಿಯಾದ ಕೋಡ್‌ಗೆ ಸುಮ್ನೆ ತಪ್ಪು ಉತ್ತರ ಕೊಡೋದು. ಬಿದ್ರೆ ಗೊತ್ತಾದ್ರೂ ಆಗುತ್ತೆ.

ಸಿ-ರೆಡ್ಯೂಸ್ ಹೀಗೆ ದಾರಿ ತಪ್ಪೋದು ಎಲ್ರಿಗೂ ಆಗುತ್ತೆ, ಮುಂದಿನ ಸಲ ಸ್ಕ್ರಿಪ್ಟ್‌ನಲ್ಲಿ ಓ0 ನಲ್ಲಿ ವಾರ್ನಿಂಗ್ ಇಲ್ಲದೇ ಕಂಪೈಲ್ ಆಗ್ಬೇಕು, ಯುಬಿಸ್ಯಾನ್ ಸುಮ್ನಿರ್ಬೇಕು, ಆಮೇಲೆ ಓ2 ನಲ್ಲಿ ತಪ್ಪು ಬರ್ಬೇಕು ಅಂತ ಮೂರೂ ಹಾಕು. ಈ ಟೂಲ್ ಹುಟ್ಟಿದ್ದೇ ಅಂಥ ಹಿನ್ನೆಲೆಯಲ್ಲಿ, ಸಿ-ಸ್ಮಿತ್ ಅಂತ ರ‍್ಯಾಂಡಮ್ ಆಗಿ ಸಿ ಪ್ರೋಗ್ರಾಮ್ ಬರೆಯೋ ಟೂಲ್ ಮಾಡಿದ ಯೂಟಾ ಯೂನಿವರ್ಸಿಟಿ ಜನ 2011ರ ಪೇಪರ್‌ನಲ್ಲಿ 325ಕ್ಕೂ ಹೆಚ್ಚು ಹೊಸ ಕಂಪೈಲರ್ ಬಗ್ ರಿಪೋರ್ಟ್ ಮಾಡಿದ್ವಿ ಅಂತ ಹೇಳಿದ್ರು. ಅಷ್ಟು ದೊಡ್ಡ ರ‍್ಯಾಂಡಮ್ ಪ್ರೋಗ್ರಾಮ್ ಕಳ್ಸಿದ್ರೆ ಯಾರು ಓದ್ತಾರೆ, ಚಿಕ್ಕದು ಮಾಡೋಕೆ ಮಷೀನೇ ಬೇಕು.

ರಿಪೋರ್ಟ್ ಮಾಡೋಕೆ ಮುಂಚೆ ಕಂಪೈಲರ್ ಎಕ್ಸ್‌ಪ್ಲೋರರ್ ಸೈಟ್‌ಗೆ ಹೋಗಿ ಆ 9 ಸಾಲು ಅಂಟಿಸಿ ಟ್ರಂಕ್ ಅನ್ನೋ, ಇನ್ನೂ ರಿಲೀಸ್ ಆಗದ ತೀರಾ ಹೊಸ ವರ್ಷನ್‌ನಲ್ಲಿ ಇನ್ನೂ ಬೀಳುತ್ತಾ ನೋಡು. ಹಾಗೇ ಹಳೇ ವರ್ಷನ್ ಒಂದೊಂದಾಗಿ ಬದಲಾಯ್ಸು, ಯಾವ ವರ್ಷನ್‌ನಿಂದ ಬೀಳೋಕೆ ಶುರು ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ, ರಿಪೋರ್ಟ್‌ನಲ್ಲಿ ಆ ಒಂದು ಸಾಲು ಬರ್ದ್ರೆ ಅವ್ರ ಅರ್ಧ ಕೆಲ್ಸ ಮುಗೀತು. ಆಮೇಲೆ ಬಿದ್ದ ಅಸರ್ಷನ್‌ನ (ಕಂಪೈಲರ್ ಒಳಗೆ ತನಗೆ ತಾನೇ ಇಟ್ಕೊಂಡ ಚೆಕ್‌ನ) ಫಂಕ್ಷನ್ ಹೆಸರು ಹಾಕಿ ಟ್ರ್ಯಾಕರ್‌ನಲ್ಲಿ ಹುಡುಕು, ಮುಂಚೆನೇ ಯಾರಾದ್ರೂ ಹಾಕಿರ್ತಾರೆ ಬಹುಶಃ. ಹೆಡ್ಡಿಂಗ್‌ನಲ್ಲಿ ಕಂಪೈಲರ್ ತುಂಬಾ ಕೆಟ್ಟದಾಗಿದೆ ಅಂತೆಲ್ಲ ಬರೀಬೇಡ, ಯಾವ ಫಂಕ್ಷನ್‌ನಲ್ಲಿ ಬಿತ್ತು, ಯಾವ ವರ್ಷನ್‌ನಿಂದ, ಅಷ್ಟೇ.

ಏಡಿ_ಕೊಂಬು

ಮತ್ತೆ ಪೇಪರ್ ಸಹಿ ಹಾಕಿ ಫ್ರೀ ಸಾಫ್ಟ್‌ವೇರ್ ಫೌಂಡೇಷನ್‌ಗೆ (ಎಫ್‌ಎಸ್‌ಎಫ್) ಕಳಿಸ್ಬೇಕು ಅಂತ ಯಾರಾದ್ರೂ ಹೆದರ್ಸಿದ್ರೆ ನಂಬ್ಬೇಡಿ, ಜಿಸಿಸಿಯಲ್ಲಿ 2021ರಿಂದ ಕಾಪಿರೈಟ್ ಬರ್ದುಕೊಡೋದು ಕಡ್ಡಾಯ ಅಲ್ಲ, ಸೈನ್ಡ್ ಆಫ್ ಸಾಲು ಹಾಕಿದ್ರೂ ನಡಿಯುತ್ತೆ. ಎಲ್‌ಎಲ್‌ವಿಎಮ್ 2023ರ ಸೆಪ್ಟೆಂಬರ್‌ನಿಂದ ಗಿಟ್‌ಹಬ್ ಪುಲ್ ರಿಕ್ವೆಸ್ಟ್‌ಗೆ ಬಂದಿದೆ, ಗುಡ್ ಫಸ್ಟ್ ಇಶ್ಯೂ ಅಂತ ಲೇಬಲ್ ಇದೆ. ಆದ್ರೆ ಅದಕ್ಕೆ ನೂಕುನುಗ್ಗಲು, ಒಳ್ಳೇದು ಕಂಡ ತಕ್ಷಣ ಯಾರೋ ಎತ್ಕೊಂಡು ಹೋಗಿರ್ತಾರೆ. ಡಯಾಗ್ನಾಸ್ಟಿಕ್ ಅಂದ್ರೆ ಎರರ್ ಮೆಸೇಜ್ ಕಡೆ ಕೈ ಹಾಕಿ, ಅದು ಆಪ್ಟಿಮೈಸರ್ ಥರ ಅಲ್ಲ, ತಪ್ಪಾದ್ರೂ ಯಾರ ಪ್ಯಾಕೆಟೂ ಕಳೆದುಹೋಗಲ್ಲ 🙂

ಅರೆಬರೆ_ಕೋಡರ್

ಅಪ್‌ಡೇಟ್. ಹುಡುಕ್ದೆ, ಸಿಗ್ಲಿಲ್ಲ, ರಿಪೋರ್ಟ್ ಹಾಕ್ದೆ. ಮಾರನೇ ದಿನವೇ ಒಬ್ರು ಬಂದು ಡೂಪ್ಲಿಕೇಟ್ ಅಂತ ಮುಚ್ಚಿದ್ರು, ಬೇರೆ ಫಂಕ್ಷನ್ ಹೆಸರಲ್ಲಿ 2 ವರ್ಷದಿಂದ ತೆರೆದಿತ್ತಂತೆ. ಸ್ವಲ್ಪ ಬೇಜಾರಾಯ್ತು. ಆದ್ರೆ ಹಳೇದ್ರಲ್ಲಿ ಇದ್ದ ಟೆಸ್ಟ್ ಕೇಸ್ 60 ಸಾಲಿತ್ತು, ನಂದು 9, ಅದಕ್ಕೆ ನನ್ನದನ್ನ ಅಲ್ಲಿಗೆ ಅಂಟಿಸಿ ಯಾವ ಕಮಿಟ್‌ನಿಂದ ಶುರುವಾಯ್ತು ಅಂತ ಬೈಸೆಕ್ಟ್ ಮಾಡಿ ಹಾಕಿದ್ರು. ನಿನ್ನೆ ಫಿಕ್ಸ್ ಬಿತ್ತು. ಫಿಕ್ಸ್ 2 ಸಾಲು, ಜೊತೆಗೆ ಟೆಸ್ಟ್ ಸೂಟ್‌ನಲ್ಲಿ ನನ್ನ ಆ ಸೆಮಿಕೋಲನ್ ಇಲ್ಲದ ಕಸ, ಹಾಗ್ಹಾಗೇ. ಇನ್ಮೇಲೆ ಪ್ರತಿ ಬಿಲ್ಡ್‌ಗೂ ಅದು ಓಡುತ್ತಂತೆ.

ಈಗ ಹುಚ್ಚು ಹತ್ತಿದೆ. ಎಲ್‌ಎಲ್‌ವಿಎಮ್‌ದು ಕ್ಲಾಂಗ್ ವಾರ್ನಿಂಗ್ ಮೆಸೇಜ್‌ದೊಂದು ಇಶ್ಯೂ ಹಿಡ್ಕೊಂಡಿದೀನಿ, ಬಿಲ್ಡ್ ಮಾಡೋಕೆ ಕೂತ್ರೆ ಲಿಂಕ್ ಮಾಡೋ ಹೊತ್ತಿಗೆ ಲ್ಯಾಪ್‌ಟಾಪ್ ಸತ್ತೇ ಹೋಗುತ್ತೆ, 16 ಜಿಬಿ ರ‍್ಯಾಮ್ ಪೂರ್ತಿ ನುಂಗುತ್ತೆ. ಏನ್ ಮಾಡ್ಲಿ?

ಹಳೇ_ಟರ್ಮಿನಲ್

ಡಿಬಗ್ ಬಿಲ್ಡ್ ಮಾಡ್ತಿದೀರಿ ಅಲ್ವಾ? ಎಲ್ರೂ ಮೊದಲ ಸಲ ಅದನ್ನೇ ಮಾಡೋದು. ರಿಲೀಸ್ ಬಿಲ್ಡ್ ಹಾಕಿ ಅಸರ್ಷನ್ಸ್ ಮಾತ್ರ ಆನ್ ಇಟ್ಕೊಳ್ಳಿ. ಟಾರ್ಗೆಟ್ ಪಟ್ಟಿಯಲ್ಲಿ ಎಲ್ಲಾ ಬೇಡ, ನಿಮ್ಮ ಲ್ಯಾಪ್‌ಟಾಪ್‌ದು ಒಂದೇ ಸಾಕು. ಪ್ಯಾರಲಲ್ ಲಿಂಕ್ ಜಾಬ್ಸ್ ಅಂತ ಸಿಮೇಕ್ ಆಪ್ಷನ್ ಇದೆ, 1 ಮಾಡಿ, ಲಿಂಕರ್ ಎಲ್‌ಎಲ್‌ಡಿ ಬಳಸಿ. ಮೊದ್ಲೇ ಕಂಪೈಲ್ ಆಗಿದ್ದನ್ನ ಎತ್ತಿಟ್ಕೊಳ್ಳೋ ಸಿ-ಕ್ಯಾಶ್ ಇದ್ರೆ ಅದನ್ನೂ ಹಾಕಿ. ಮೊದಲ ಬಿಲ್ಡ್ ರಾತ್ರಿ ಬಿಟ್ಟು ಮಲಗಿ, ಎರಡನೇದ್ರಿಂದ ಪರವಾಗಿಲ್ಲ.

ಮತ್ತೆ ಟೆಸ್ಟ್ ಓಡ್ಸುವಾಗ ಚೆಕ್ ಆಲ್ ಕೊಡ್ಬೇಡಿ, ಚೆಕ್ ಕ್ಲಾಂಗ್ ಸಾಕು. ವಾರ್ನಿಂಗ್‌ನ ಒಂದು ಪದ ಬದಲಾಯ್ಸಿದ್ರೆ ಎಷ್ಟು ಟೆಸ್ಟ್ ಫೇಲ್ ಆಗ್ತವೆ ಅಂತ ನೋಡಿ ಬಂದು ಇಲ್ಲಿ ಹೇಳಿ.

ಅರೆಬರೆ_ಕೋಡರ್

ಬಿಲ್ಡ್ ಆಯ್ತು. ಒಂದೇ ಪದ ಬದಲಾಯ್ಸಿದ್ದು ಸರ್. 43 ಫೇಲ್.